ಫಿಯೋನಾಳ ಊರು

ಮಗಳ ಇಂಗ್ಲಿಷ್ ಹಾಳಾಗಬಾರದು ಎಂಬುದು ಡೊರೊತಿಯ ಹಟ. ಅವಳೂ ಗಂಡ ಕಜೆಟನ್ನನೂ ಶಿರ್ವದ ಕಡೆಯವರು, ಜಗಳವಾಡುವುದಿದ್ದರೂ ಕೊಂಕಣಿಯಲ್ಲೇ ಆಡುವವರು. ಆದರೆ ಫಿಯೋನಾ ಹುಟ್ಟಿದ್ದೇ ತಡ, ಕೊಂಕಣಿಯನ್ನು ಬೆಡ್‌ರೂಮಿನೊಳಗೆ ತಳ್ಳಿ ಚಿಲಕ ಹಾಕಿದರು. ಕುವೈತಿನಲ್ಲಿ ಮಂಗಳೂರು ಕಡೆಯ ಯಾವ ಮನೆಗೆ ಹೋದರೂ ಇದೇ ಕಥೆ ಬಿಡಿ. ತಾಯಿ ಮಗುವಿಗೆ "ಕಮ್ ಬೇಬಿ, ಈಟ್ ಬೇಬಿ" ಎನ್ನುತ್ತಾಳೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮಾತು ಮಗುವಿಗೆ ತಿಳಿಯುವುದಿಲ್ಲ ಎಂದು ದೂರುತ್ತಾಳೆ, ಒಳಗೊಳಗೇ ಹಿಗ್ಗುತ್ತಾಳೆ.

ಡೊರೊತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಕಜೆಟನ್ನನಿಗೆ ಮೀನಾ ಅಬ್ದುಲ್ಲಾ ಎಂಬಲ್ಲಿನ ಕಾಂಟ್ರಾಕ್ಟ್ ಕಂಪೆನಿಯಲ್ಲಿ. ಫರ್ವಾನಿಯಾದ ಫ್ಲ್ಯಾಟಿನಲ್ಲಿ ಮಗುವನ್ನು ನೋಡಿಕೊಳ್ಳಲು ತಮ್ಮ ವೀಸಾದ ಹೊಣೆ ಹೊತ್ತ ಅರಬ್ಬಿ ಕಫೀಲನ ಕೈಕಾಲು ಹಿಡಿದು ಒಬ್ಬಳಿಗೆ ವೀಸಾ ಮಾಡಿಸಿದರು. ಬಂದವಳು ಮೆಣಿಕೆ, ಶ್ರೀಲಂಕಾದವಳು. ದ್ವೀಪದವಳು ಎಂದ ಮಾತ್ರಕ್ಕೆ ಕಡಲ ದಂಡೆಯವಳಲ್ಲ. ನಡುನಾಡಿನ ಗುಡ್ಡಗಳ ಮಧ್ಯೆ ಗದ್ದೆ ಉಳುವವರ ಮಗಳು. ಕಡಲನ್ನು ಮೊದಲ ಸಲ ಕಂಡದ್ದು ವಿಮಾನದ ಕಿಟಕಿಯಿಂದಂತೆ. ಅವಳಿಗೆ ಬರುತ್ತಿದ್ದದ್ದು ಮುರುಕು ಹಿಂದಿ, ಅದಕ್ಕಿಂತ ಮುರುಕು ಇಂಗ್ಲಿಷ್, ನಾಲ್ಕು ಅರಬ್ಬಿ ಶಬ್ದ.

ಡೊರೊತಿ ಮೊದಲ ದಿನವೇ ಅವಳನ್ನು ಎದುರು ನಿಲ್ಲಿಸಿಕೊಂಡು ಹೇಳಿದಳು. "ನೋಡು, ನಿನ್ನ ಆ ಡ್ಯಾಮೇಜ್ ಇಂಗ್ಲಿಷ್ ನನ್ನ ಮಗುವಿನ ಕಿವಿಗೆ ಬೀಳ್ಬಾರ್ದು. ಹಿಂದಿ, ಅರಬ್ಬಿ ಸಹ ಬೇಡ. ನಿನ್ನ ಭಾಷೆಯಲ್ಲಿ ಎಂತ ಬೇಕಾದ್ರೂ ಮಾತಾಡು, ಅದು ಅವಳಿಗೆ ಹಿಡಿಯುವುದಿಲ್ಲ."

ಕಜೆಟನ್ ಪೇಪರಿನಿಂದ ತಲೆ ಎತ್ತಿ, "ಹಿಡಿಯುವುದಿಲ್ಲ ಅಂತ ನಿನಗೆ ಯಾರು ಹೇಳಿದ್ದು ಡೊರಾ?" ಎಂದ.

"ನೀವು ಸುಮ್ಮನೆ ಕೂತ್ಕೊಳ್ಳಿ."

ಮೆಣಿಕೆ ಹೇಳಿದ ಹಾಗೆ ಕೇಳುವವಳು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು. ಆರು ವರ್ಷ ಮಾತಾಡಿದಳು. ಎಂತ ಮಾತಾಡಬೇಕು ಪಾಪ? ಅವಳಿಗೆ ಗೊತ್ತಿದ್ದದ್ದು ತನ್ನ ಊರೊಂದೇ. ಕಿತುಲ್‌ಪಿಟಿಯ ಅದರ ಹೆಸರು. ಗುಡ್ಡದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಕೆಳಗೆ ತೊರೆ, ತೊರೆಯ ನಡುವೆ ಬಟ್ಟೆ ಒಗೆಯುವ ಬೆನ್ನಗಲದ ಕಲ್ಲು. ಗದ್ದೆಗೆ ನುಗ್ಗುವ ಕಾಡುಹಂದಿ ಕಾಯಲು ಮರದ ಮೇಲೆ ಅಟ್ಟಣೆ, ಅಲ್ಲಿ ಕೂತು ನಿದ್ದೆ ಬಾರದಿರಲೆಂದು ಅಪ್ಪ ಹಾಡುತ್ತಿದ್ದ ಹಾಡು. ಕೊಯ್ಲಾದ ಮೇಲೆ ಕಣದಲ್ಲಿ ಬೂದಿಯಿಂದ ಸುತ್ತು ಎಳೆದು ಕೋಣಗಳಿಂದ ತುಳಿಸುವುದು. ಆ ಕಣದೊಳಗೆ ಕಾಲಿಟ್ಟವರು 'ಮುಗಿಯಿತು' ಎನ್ನಬಾರದು, 'ಇಲ್ಲ' ಎನ್ನಬಾರದು. ಎಂದರೆ ರಾಶಿ ಕರಗುತ್ತದೆ ಎಂದು ಆ ಊರಿನ ನಂಬಿಕೆ.

ಫಿಯೋನಾ ಮೆಣಿಕೆಯನ್ನು 'ನೆಂದಾ' ಎಂದು ಕರೆಯುತ್ತಿದ್ದಳು, ಅಂದರೆ ಅತ್ತೆ. ಮೆಣಿಕೆಯ ಬಾಯಲ್ಲಿ ಅವಳು 'ದುವೇ', ಅಂದರೆ ಮಗಳೇ. ಡೊರೊತಿಗೆ ಈ ಎರಡು ಶಬ್ದಗಳ ಅರ್ಥ ತಿಳಿದದ್ದು ಎಷ್ಟೋ ಕಾಲದ ಮೇಲೆ. ಊಟದ ತಟ್ಟೆ ನೋಡಿ "ಫಿನಿಶ್ಡ್, ಬೇಬಿ?" ಎಂದು ಕೇಳಿದರೆ ಮಗಳು ತುಟಿಯ ಮೇಲೆ ಬೆರಳಿಟ್ಟು, "ಡೋಂಟ್ ಸೇ ದ್ಯಾಟ್, ಮಮ್ಮಿ" ಎನ್ನುತ್ತಿದ್ದಳು. ಅದೆಂತ ಹೊಸ ಚಾಳಿಯೋ ಎಂದು ಡೊರೊತಿ ನಕ್ಕುಬಿಡುತ್ತಿದ್ದಳು. ಸುಸ್ತಾಗಿ ಬಂದವಳಿಗೆ ಅಷ್ಟೆಲ್ಲ ಕೆದಕಲು ಪುರುಸೊತ್ತೆಲ್ಲಿ?

ಆ ವರ್ಷ ಕನ್ನಡಿಗರ ಸಂಘದವರು ರಾಜ್ಯೋತ್ಸವಕ್ಕೆ ಮಕ್ಕಳ ಭಾಷಣ ಸ್ಪರ್ಧೆ ಇಟ್ಟರು. ವಿಷಯ 'ನನ್ನ ಊರು'. ಎದುರು ಫ್ಲ್ಯಾಟಿನ ಝೀನತ್ ತನ್ನ ಮಗಳ ಹೆಸರು ಕೊಟ್ಟು ಬಂದಳು. ಅಲ್ಲಿಗೆ ಡೊರೊತಿಗೂ ಸುಮ್ಮನಿರಲಾಗಲಿಲ್ಲ. ಅದಕ್ಕೆ ಬೇರೊಂದು ಕಾರಣವೂ ಇತ್ತು. ಈಚೆಗೆ ಫಿಯೋನಾ ಬಿದ್ದು ಮಂಡಿ ತರಚಿಕೊಂಡರೆ ಓಡುತ್ತಿದ್ದದ್ದು ಅಡಿಗೆಮನೆಗೆ. ಜ್ವರ ಬಂದರೆ ಕನವರಿಸುತ್ತಿದ್ದದ್ದು ಆ ತಿಳಿಯದ ಭಾಷೆಯಲ್ಲಿ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ತನ್ನದೇ ಎಂದು ಒಮ್ಮೆಯಾದರೂ ನಾಲ್ಕು ಜನರೆದುರು ಕೇಳಬೇಕು ಎಂದು ಡೊರೊತಿಗೆ ಆಸೆ ಹುಟ್ಟಿತ್ತು.

ಅವಳೇ ಕೂತು ಭಾಷಣ ಬರೆದಳು. "ನನ್ನ ಊರು ಶಿರ್ವ. ನಮ್ಮ ಊರು ಮಲ್ಲಿಗೆಗೆ ಹೆಸರುವಾಸಿ. ನನ್ನ ಅಜ್ಜಿ ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಮಾರುತ್ತಾರೆ." ಮಗಳಿಗೆ ಕನ್ನಡ ಓದಲು ಬಾರದು, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಉರು ಹೊಡೆಸಿದಳು. ಮಗು ಗಿಳಿಯ ಹಾಗೆ ಒಪ್ಪಿಸಿತು. ಕೊನೆಯ "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂಬ ಸಾಲಿಗೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡಿತು. ಮುದ್ದು ಮಾಡಿದರೂ ಇಲ್ಲ, ಗದರಿದರೂ ಇಲ್ಲ.

ಸ್ಪರ್ಧೆಯ ದಿನ ಶಾಲೆಯ ಹಾಲ್ ತುಂಬಿತ್ತು. ಫಿಯೋನಾ ಜರಿಯ ಲಂಗ ಉಟ್ಟು ಮೈಕಿನೆದುರು ನಿಂತು, "ನನ್ನ ಊರು ಶಿರ್ವ" ಎಂದಳು. ಮುಂದಿನದು ಮರೆತುಹೋಯಿತು. ಡೊರೊತಿ ಎದುರಿನ ಸಾಲಿನಿಂದ "ಮಲ್ಲಿಗೆ, ಮಲ್ಲಿಗೆ" ಎಂದು ಬಾಯಾಡಿಸಿದಳು.

ತೀರ್ಪುಗಾರರಾಗಿ ಕೂತಿದ್ದ ಲಕ್ಷ್ಮೀನರಸಿಂಹ ಮೈಸೂರು ಕಡೆಯವರು, ಮಕ್ಕಳೆಂದರೆ ಜೀವ ಬಿಡುವವರು. "ಹೆದರ್ಕೋಬೇಡ ಪುಟ್ಟಿ. ನಿಮ್ಮೂರಲ್ಲಿ ಏನೇನಿದೆ? ಯಾವ ಭಾಷೇಲಾದ್ರೂ ಹೇಳಮ್ಮ" ಎಂದು, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದರು.

ಪುಣ್ಯಾತ್ಮ ಆ ಒಂದು ಮಾತು ಹೇಳದಿದ್ದರೆ ಚೆನ್ನಾಗಿತ್ತು. ಫಿಯೋನಾಳ ಮುಖ ಅರಳಿತು. ಇಂಗ್ಲಿಷಿಗೆ ಸಿಂಹಳ ಬೆರೆಸಿ ಹೇಳಿದಳೇ ಹೇಳಿದಳು: ಮೆಟ್ಟಿಲು ಗದ್ದೆ, ತೊರೆಯ ನಡುವಿನ ಕಲ್ಲು, ಮರದ ಮೇಲಿನ ಅಟ್ಟಣೆ. ಕೊನೆಗೆ ಕಣ್ಣು ಮುಚ್ಚಿ, ಹಂದಿ ಕಾಯುವ ಹಾಡನ್ನು ಉದ್ದಕ್ಕೆ ಎಳೆದು ಹಾಡಿಯೂಬಿಟ್ಟಳು.

ಹಾಲ್‌ನಲ್ಲಿ ಗುಸುಗುಸು ಎದ್ದಿತು. "ಶಿರ್ವದಲ್ಲಿ ಮರದ ಮೇಲೆ ಮನೆ ಯಾವಾಗ ಕಟ್ಟಿದ್ರು ಮಾರಾಯ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ಝೀನತ್ ಡೊರೊತಿಯ ಕಡೆ ಬಾಗಿ, "ಡೊರೊತಿಯಕ್ಕ, ಅದು ನಿಮ್ಮ ಖದ್ದಾಮನ ಭಾಷೆ ಅಲ್ವಾ? ನಿಮ್ಮ ಅಡಿಗೆಮನೆಯಿಂದ ದಿನಾ ಕೇಳ್ತದೆ" ಎಂದಳು. ಕೆಲಸದವಳು ಎಂಬುದಕ್ಕೆ ಅವಳಿಗೆ ಆ ಅರಬ್ಬಿ ಶಬ್ದವೇ ಸಿಗಬೇಕೇ, ಅದೂ ಅಷ್ಟು ಗಟ್ಟಿಯಾಗಿ! ನಗು ಸಾಲಿನಿಂದ ಸಾಲಿಗೆ ದಾಟಿತು. ಸಮಾಧಾನಕರ ಬಹುಮಾನವೆಂದು ಒಂದು ನೀರಿನ ಬಾಟಲಿ ಕೊಟ್ಟರು. ಡೊರೊತಿ ನಗುಮುಖದಿಂದಲೇ ಅದನ್ನು ತೆಗೆದುಕೊಂಡು ಟ್ಯಾಕ್ಸಿ ಹತ್ತಿದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ನುಗ್ಗಿದಳು. "ನನ್ನ ಮಗಳ ತಲೆಯಲ್ಲಿ ಎಂತ ತುಂಬಿಸಿದ್ದಿ ನೀನು?" ಎಂದು ಹಿಂದಿಯಲ್ಲಿ ಕೂಗಿದಳು. "ಅವಳಿಗೆ ಊರಿಲ್ಲವಾ? ಮನೆಯಿಲ್ಲವಾ? ನಿನ್ನ ಊರು ಅಷ್ಟು ಚಂದ ಇದ್ರೆ ಅಲ್ಲಿಗೇ ಹೋಗು. ನಾಳೆಯೇ ಹೋಗು!"

ಮೆಣಿಕೆ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. "ಅಲ್ಲಿಗೆ ಹೋಗಲಿಕ್ಕೆ ಆಗುವುದಿಲ್ಲ ಮೇಡಂ. ಊರು ನೀರಿನ ಒಳಗೆ ಹೋಯಿತು."

"ಎಂತ?"

"ಕೆಳಗೆ ಅಣೆಕಟ್ಟು ಕಟ್ಟಿದರು. ನಾನು ಆಗ ಶಾಲೆಗೆ ಹೋಗುತ್ತಿದ್ದೆ. ನೀರು ಮೆಲ್ಲ ಮೆಲ್ಲ ಬಂತು. ಮೊದಲು ಗದ್ದೆ, ಆಮೇಲೆ ಕಣ, ಆಮೇಲೆ ನಮ್ಮ ಮನೆ. ನಮ್ಮನ್ನು ಲಾರಿಯಲ್ಲಿ ತುಂಬಿ ಬಿಸಿಲು ನಾಡಿಗೆ ಕಳಿಸಿದರು. ಅಪ್ಪ ಅಲ್ಲಿ ಹಾಡಲೇ ಇಲ್ಲ." ಅವಳು ಒರೆಸುವ ಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. "ಆ ಊರಿನ ಮಾತು ಕೇಳುವವರು ಯಾರೂ ಇರಲಿಲ್ಲ ಮೇಡಂ. ದುವ ಕೇಳಿದಳು."

"ಸುಳ್ಳು ಹೇಳಬೇಡ" ಎಂದಳು ಡೊರೊತಿ. ತಿರುಗಿ ನೋಡಿದರೆ ಫ್ರಿಜ್ಜಿನ ಪಕ್ಕ ಫಿಯೋನಾ ಬಾಟಲಿ ಹಿಡಿದು ನಿಂತಿದ್ದಾಳೆ. ತಾಯಿಯೂ ನೆಂದಾಳೂ ತಮ್ಮೊಳಗೆ ಆಡುವ ಆ ಅಡಿಗೆಮನೆಯ ಹಿಂದಿ ಅವಳಿಗೂ ತಿಳಿಯುತ್ತಿತ್ತು.

ಸುಳ್ಳೇನಲ್ಲ. ಕಜೆಟನ್ನನ ಕಂಪೆನಿಯ ಸಿಂಹಳ ಫೋರ್‌ಮನ್ ಹೌದೆಂದ. ಅಲ್ಲಿ ಎಷ್ಟೋ ಊರುಗಳು ಹಾಗೆ ಮುಳುಗಿದವು ಎಂದ. ಅದನ್ನು ಕೇಳಿದ ಮೇಲೂ ಡೊರೊತಿಯ ಮನಸ್ಸು ಕರಗಲಿಲ್ಲ. ನೀರಿನಡಿಯ ಊರಿನೊಂದಿಗೆ ಯಾವ ತಾಯಿ ಪೈಪೋಟಿ ಮಾಡಿ ಗೆಲ್ಲುತ್ತಾಳೆ? ಅದಕ್ಕೆ ಸೊಳ್ಳೆಯಿಲ್ಲ, ಸೆಕೆಯಿಲ್ಲ, ಕರೆಂಟು ಹೋಗುವುದಿಲ್ಲ. ಅದನ್ನು ಹೊತ್ತು ತಂದವಳು ಹೊರಗೆ ಹೋಗಲೇಬೇಕಿತ್ತು. ಕಜೆಟನ್ ಕುವೈತಿನ ಇನ್ನೊಂದು ತುದಿಯ ಜಹ್ರಾದಲ್ಲಿ ಕಫೀಲನ ಸಂಬಂಧಿಕರ ಮನೆಗೆ ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಾಯಿಸಿ ಕೊಟ್ಟ. ಫಿಯೋನಾ ಶಾಲೆಯಲ್ಲಿದ್ದಾಗ ಕಾರು ಬಂತು. ಮಗುವಿಗೆ ಒಂದು ಮಾತು ಹೇಳಿ ಹೋಗುತ್ತೇನೆ ಎಂದು ಮೆಣಿಕೆ ಬಾಗಿಲಲ್ಲಿ ಕೈಮುಗಿದಳು. ಬೇಡ ಎಂದಳು ಡೊರೊತಿ.

ಶಾಲೆಯಿಂದ ಬಂದ ಫಿಯೋನಾ ಎಲ್ಲ ಕೋಣೆ ಹುಡುಕಿ, "ವೇರ್ ಈಸ್ ನೆಂದಾ?" ಎಂದಳು.

"ಊರಿಗೆ ಹೋದಳು, ಬೇಬಿ."

"ವಿಚ್ ಊರು?"

"ಅವಳದ್ದೇ. ಕಿತುಲ್‌ಪಿಟಿಯಕ್ಕೆ."

ಮಗು ತಾಯಿಯ ಮುಖ ನೋಡಿತು. ಅಳಲಿಲ್ಲ. ಕೈತೊಳೆದು ಬಂದು ಊಟಕ್ಕೆ ಕೂತಿತು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಡೊರೊತಿ ದೇವರಿಗೆ ಕೈಮುಗಿದಳು. ಆ ಹೊತ್ತಿಗೆ ತಾನು ಏನು ಹೇಳಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಆಮೇಲೆ ನೋಡಬೇಕು ಅವಳ ಉಮೇದು! ಲ್ಯಾಬಿನಲ್ಲಿ ಪಾಳಿ ಬದಲಾಯಿಸಿಕೊಂಡಳು, ಮನೆಯಲ್ಲಿ ಇಂಗ್ಲಿಷಿಗೆ ಬೀಗ ಹಾಕಿದಳು, ಮಗಳಿಗೆ ಕೊಂಕಣಿ ಕಲಿಸಿದಳು, ಕನ್ನಡ ಅಕ್ಷರ ತಿದ್ದಿಸಿದಳು. ಫಿಯೋನಾ ಹೇಳಿದ್ದೆಲ್ಲ ಕಲಿತಳು. ಹಟವಿಲ್ಲ, ರಗಳೆಯಿಲ್ಲ, ಜಾಣ ಮಗು ಎಂದರೆ ಜಾಣ ಮಗು. ಒಂದೇ ಒಂದು ವಿಚಿತ್ರ. ಸ್ನಾನಕ್ಕೆಂದು ಟಬ್ಬಿಗೆ ನೀರು ಬಿಟ್ಟರೆ ಇಳಿಯುತ್ತಿರಲಿಲ್ಲ, ಬಗ್ಗಿ ತಳ ನೋಡುತ್ತಾ ಕೂರುತ್ತಿದ್ದಳು. ಸಾಲ್ಮಿಯಾದ ಸಮುದ್ರದಂಡೆಗೆ ಕರೆದುಕೊಂಡು ಹೋದರೂ ಅಷ್ಟೇ, ಕಾಲು ತೋಯಿಸಿಕೊಳ್ಳುತ್ತಿರಲಿಲ್ಲ.

"ಜಹ್ರಾದಲ್ಲಿ ಇದ್ದಾಳೆ ಅಂತ ಹೇಳಿಬಿಡು ಡೊರಾ" ಎಂದು ಕಜೆಟನ್ ಒಮ್ಮೆ ಹೇಳಿನೋಡಿದ.

"ಹೇಳಿದ್ರೆ ಈಗಲೇ ಹೋಗುವ ಅಂತ ಕೂತ್ಕೊಳ್ತಾಳೆ. ಮರೀತಾಳೆ ಬಿಡಿ, ಮಕ್ಕಳಲ್ವಾ?"

ಮರುವರ್ಷ ಅದೇ ಹಾಲ್, ಅದೇ ಸ್ಪರ್ಧೆ, ಅದೇ ಲಕ್ಷ್ಮೀನರಸಿಂಹ. ಫಿಯೋನಾ ಚೀಟಿಯಿಲ್ಲದೆ ನಿಂತಳು. ಶಿರ್ವ, ಮಲ್ಲಿಗೆ, ಬಾಳೆನಾರು, ಚೆಂಡು, ಅಜ್ಜಿ; ಒಂದಕ್ಷರ ತಪ್ಪಲಿಲ್ಲ. ಎಲ್ಲ ಹೇಳಿ, "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿ ಕೈಮುಗಿದಳು. ಹಾಲ್ ಚಪ್ಪಾಳೆಯಿಂದ ತುಂಬಿತು. ಡೊರೊತಿಗೆ ಕಣ್ಣಲ್ಲಿ ನೀರು ಬಂತು. ಝೀನತ್ ಎಲ್ಲಿ ಕೂತಿದ್ದಾಳೆಂದು ಕತ್ತು ಹೊರಳಿಸಿ ನೋಡಿದಳು ಸಹ.

"ಭೇಷ್ ಪುಟ್ಟಿ! ಹೋದ ವರ್ಷ ಹಾಡು ಹೇಳಿದ್ದು ನೀನೇ ಅಲ್ವೇನಮ್ಮ? ಎಷ್ಟು ಚೆನ್ನಾಗಿ ಕಲ್ತಿದ್ದೀಯ!" ಎಂದರು ಲಕ್ಷ್ಮೀನರಸಿಂಹ. "ನಿಮ್ಮೂರಲ್ಲಿ ನಿಂಗೆ ಎಲ್ಲಕ್ಕಿಂತ ಇಷ್ಟ ಯಾವ್ದು ಹೇಳು ನೋಡೋಣ."

"ಇದು ಮಮ್ಮಿಯ ಊರು ಅಂಕಲ್" ಎಂದಳು ಫಿಯೋನಾ, ತಾಯಿ ಕಲಿಸಿದ ಚೊಕ್ಕ ಕನ್ನಡದಲ್ಲಿ. "ನನ್ನ ಊರು ನೀರಿನ ಒಳಗೆ ಉಂಟು."

"ಅರೆ! ನೀರಿನೊಳಗೆ ಯಾರಮ್ಮ ಇದ್ದಾರೆ?"

"ನನ್ನ ನೆಂದಾ ಇದ್ದಾಳೆ. ಮಮ್ಮಿ ಅವಳನ್ನು ಅಲ್ಲಿಗೆ ಕಳಿಸಿದರು."

ಹಾಲ್ ಗೊಳ್ಳೆಂದು ನಕ್ಕಿತು. "ಎಂತ ಕಲ್ಪನೆ ಮಾರಾಯ್ರೆ ಈ ಮಗುವಿನದ್ದು!" ಎಂದರು. ಮೊದಲ ಬಹುಮಾನ ಅವಳಿಗೇ. ಟಬ್ಬಿನ ತಳ, ಸಮುದ್ರದ ದಂಡೆ, ಅಂದು ಊಟಕ್ಕೆ ಕೂತ ಮಗುವಿನ ಮುಖ, ಎಲ್ಲ ಒಟ್ಟಿಗೆ ಡೊರೊತಿಯ ಕಣ್ಣೆದುರು ಬಂದವು. ವರ್ಷಪೂರ್ತಿ ಮಗಳು ಏನೆಂದುಕೊಂಡು ತನ್ನ ಕೈತುತ್ತು ತಿಂದಳು ಎಂಬುದು ಅವಳಿಗೆ ಈಗ ತಿಳಿಯಿತು.

ಬಹುಮಾನದ ಕಪ್ ಹಿಡಿದು ವೇದಿಕೆಯ ಮೆಟ್ಟಿಲಿಳಿದು ಬಂದ ಮಗಳನ್ನು ಮೂಲೆಗೆ ಎಳೆದುಕೊಂಡು, ಅವಳ ಮುಂದೆ ಮಂಡಿಯೂರಿ, ಕೊಂಕಣಿ ಇಂಗ್ಲಿಷ್ ಕನ್ನಡ ಬಾಯಿಗೆ ಬಂದದ್ದರಲ್ಲೆಲ್ಲ ಹೇಳಿದಳು. "ಮೆಣಿಕೆ ಸತ್ತಿಲ್ಲ ಬೇಬಿ. ನೀರಿಗೆ ಹೋಗಲಿಲ್ಲ. ಇಲ್ಲೇ ಜಹ್ರಾದಲ್ಲಿ ಇದ್ದಾಳೆ. ದೇವರಾಣೆ. ನಾಳೆಯೇ ಕರೆದುಕೊಂಡು ಹೋಗ್ತೇನೆ. ನಾನು ಅವತ್ತು ಹೇಳಿದ್ದು ಸುಳ್ಳು."

ಫಿಯೋನಾ ಕೇಳಿಸಿಕೊಂಡಳು. ತಾಯಿ ಅಳುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಜನರೆದುರು ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ಅವಳ ಮುಖ ಸಣ್ಣದಾಯಿತು. ಕಪ್ಪನ್ನು ನೆಲದ ಮೇಲಿಟ್ಟು ಎರಡೂ ಕೈಯಿಂದ ತಾಯಿಯ ಕೆನ್ನೆ ಒರೆಸಿದಳು.

"ಇಟ್ಸ್ ಓಕೆ, ಮಮ್ಮಿ" ಎಂದಳು ಮೆಲ್ಲಗೆ. "ನೀನು ಕಳಿಸಿದ್ದು ಅಂತ ಇನ್ನು ನಾನು ಯಾರಿಗೂ ಹೇಳುವುದಿಲ್ಲ."