ಹೆಣ್ಣು ನೋಡಲು ಬಂದವರು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೆಹಬೂಬಸಾಬ ಮೂವತ್ತು ವರ್ಷ ಹಮಾಲಿ ಮಾಡಿದ. ಊರಿಗೆ ಊರೇ ಉಣ್ಣುವಷ್ಟು ಅಕ್ಕಿ ಹೊತ್ತ ಬೆನ್ನು ಅದು. ಹೋದ ವರ್ಷ ಮೂಟೆಗಳ ಸಾಲು ಕುಸಿದು ಮೈಮೇಲೆ ಬಿದ್ದಾಗ ಆ ಬೆನ್ನು ಮುರಿಯಿತು. ಬಲಗಾಲು ಹೇಳಿದ ಮಾತು ಕೇಳದಾಯಿತು. ವೈದ್ಯರು ಅರವತ್ತು ಪರ್ಸೆಂಟ್ ಅಂಗವೈಕಲ್ಯ ಎಂದು ಬರೆದುಕೊಟ್ಟರು. ಅಪಘಾತ ವಿಮೆಯ ಕಂಪನಿಯವರು ಮಾತ್ರ ಈತ ದುಡಿಯಬಲ್ಲ ಎಂದು ಅರ್ಜಿ ತಿರುಗಿಸಿದರು. ಮಗಳು ಮುಬಾಶಿರಾ ಹಟ ಹಿಡಿದು ಕೊಪ್ಪಳದ ಗ್ರಾಹಕರ ಆಯೋಗಕ್ಕೆ ದೂರು ಹಾಕಿದಳು.

ವಿಚಾರಣೆಗೆ ಇನ್ನೂ ಹನ್ನೆರಡು ದಿನ ಇರುವಾಗ ಅವಳಿಗೆ ಸಂಬಂಧ ಬಂತು. ತಂದವನು ಸೋದರಮಾವ ವಾಹೀದ.

"ಕುಷ್ಟಗಿ ಮಂದಿ, ಅಕ್ಕಾ. ಹುಡುಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ," ಎಂದ. ಆಮೇಲೆ ಮೆಹಬೂಬಸಾಬನ ಕಡೆ ತಿರುಗಿ, "ಭಾವಾ, ಆ ಕೋಲು ಒಳಗಿಡ್ರಿ. ಮಾವ ಕುಂಟ ಅಂತ ತಿಳದ್ರ, ನಾಳೆ ಇವರ ಭಾರಾನೂ ನಮಗ ಬೀಳತೈತಿ ಅಂತ ಚಪ್ಪಲಿ ಮೆಟ್ಟಿ ಹೊಂಟಬಿಡ್ತಾರ."

ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಹೆಣ್ಣು ನೋಡುವ ದಿನ ಯಾವ ಮನೆ ತಾನೇ ತನ್ನ ತೂತು ತೋರಿಸುತ್ತದೆ? ಹರಿದ ಚಾಪೆ ಹಿತ್ತಿಲಿಗೆ ಹೋಗುತ್ತದೆ, ಪಕ್ಕದ ಮನೆಯ ಗಾಜಿನ ಲೋಟಗಳು ಒಳಗೆ ಬರುತ್ತವೆ. ಈ ಸಲ ಒಂದು ಕಾಲನ್ನೂ ಮುಚ್ಚಿಡಬೇಕಿತ್ತು, ಅಷ್ಟೇ.

ಮೆಹಬೂಬಸಾಬ ಎರಡು ನೋವಿನ ಗುಳಿಗೆ ನುಂಗಿ, ಸೊಂಟಕ್ಕೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡ. ಬಾಗಿಲ ತನಕ ನಡೆದು ಹೋಗಿ ಹುಡುಗನಿಗೂ ಅವನ ಕನ್ನಡಕದ ತಂದೆಗೂ "ಬರ್ರಿ, ಬರ್ರಿ" ಎಂದು ನಕ್ಕ. ಹೊಸ್ತಿಲ ಮೇಲೆ ಫೋನು ಹಿಡಿದು ಕುಳಿತಿದ್ದ ವಾಹೀದ, "ಭಾವಾ, ಹೊರಸು ನೆಳ್ಳಿಗಿ ಹಾಕ್ರಿ," ಎಂದ. ಮೆಹಬೂಬಸಾಬ ಆ ಹಗ್ಗದ ಮಂಚವನ್ನು ಎತ್ತಿ ತಂದು ಹಾಕಿದ. ಬಂದವರ ಬೆನ್ನು ಮರೆಯಾದದ್ದೇ ಅಲ್ಲಿಯೇ ಕುಸಿದ. ಮೂರು ದಿನ ಮಗ್ಗುಲು ಹೊರಳಿಸಲೂ ಇಬ್ಬರು ಬೇಕಾದರು.

ಮುಬಾಶಿರಾ ಶರಬತ್ತು ಕೊಡುವಾಗ ಹುಡುಗ ತಲೆ ಎತ್ತಿರಲಿಲ್ಲ. ಆ ನಾಚಿಕೆಯೊಂದನ್ನೇ ಹಿಡಿದುಕೊಂಡು ಅವಳು ದಿನವೂ ಮನಸ್ಸಿನಲ್ಲೇ ಕುಷ್ಟಗಿಗೆ ಹೋಗಿಬಂದಳು. ಅಲ್ಲಿ ಒಂದು ಪುಟ್ಟ ಅಂಗಡಿ, ಅದರ ಹಿಂದೆ ಒಂದು ಕೋಣೆ, ಕೋಣೆಯ ಕಿಟಕಿಗೆ ಅವಳೇ ಹೊಲಿದ ಪರದೆ.

ವಿಚಾರಣೆಯ ದಿನ ಅಪ್ಪ, ಅವ್ವ ಸೈದಾನಬಿ, ಮುಬಾಶಿರಾ ಕೊಪ್ಪಳಕ್ಕೆ ಹೋದರು. ಕಂಪನಿಯ ವಕೀಲರ ಪಕ್ಕದಲ್ಲಿ ಆ ಕನ್ನಡಕದ ಹಿರಿಯ ಕುಳಿತಿದ್ದ, ಹುಡುಗನ ತಂದೆ. ಮುಬಾಶಿರಾ ತಟ್ಟನೆ ತಲೆಯ ಸೆರಗು ಸರಿಮಾಡಿಕೊಂಡಳು. ಆಗ ವಕೀಲರು, "ಇವರು ನಮ್ಮ ತನಿಖಾಧಿಕಾರಿ," ಎಂದರು.

ಸೆರಗು ಹಿಡಿದ ಕೈ ಅಲ್ಲೇ ನಿಂತಿತು. ಹುಡುಗನಿಲ್ಲ, ಅಂಗಡಿಯಿಲ್ಲ, ಕುಷ್ಟಗಿಯೇ ಇಲ್ಲ.

ಪರದೆಯ ಮೇಲೆ ವಿಡಿಯೋ ಓಡಿತು. ಅಪ್ಪ ಕೋಲಿಲ್ಲದೆ ನಡೆದ, ನಕ್ಕ, ಹೊರಸು ಎತ್ತಿದ.

"ಇದು ನೀವೇ ಏನ್ರಿ?" ಆಯೋಗದ ಅಧ್ಯಕ್ಷೆ ಕೇಳಿದರು.

"ನಾನರಿ. ಮಗಳ ಸಂಬಂಧ ಅಂದ್ರು ಅಂತ..." ಎಂದ ಅಪ್ಪ.

ಮುಬಾಶಿರಾ ಎದ್ದಳು. "ಮೇಡಂ, ಈ ವಿಡಿಯೋ ಯಾರು ಹಿಡದ್ರು ಕೇಳ್ರಿ."

"ನಮ್ಮ ತನಿಖಾಧಿಕಾರಿ," ವಕೀಲರು ಅಂದರು.

"ಅವರು ಅದರಾಗ ಕುಂತು ಶರಬತ್ ಕುಡಿಯಾಕತ್ಯಾರ, ನೋಡ್ರಿ. ಹೊಸ್ತಿಲ ಮ್ಯಾಲಿಂದ ಹಿಡದಾರ ಇದನ್ನ. ಅಪ್ಪಾ ಬಿದ್ದದ್ದೂ ಆ ಫೋನಿನಾಗ ಇರಬೇಕು."

ವಕೀಲರು ಕಾಗದ ಮಗುಚಿದರು. ಅಧ್ಯಕ್ಷೆ, "ಹೊಸ್ತಿಲ ಮೇಲೆ ಯಾರಿದ್ದರು? ಹೆಸರು ಹೇಳಿದರೆ ಕರೆಸ್ತೀವಿ. ಇಲ್ಲಾಂದ್ರೆ ಇರೋದನ್ನೇ ನೋಡಬೇಕಾಗುತ್ತೆ," ಎಂದರು.

ಅಪ್ಪ ಮಗಳ ಮುಂಗೈ ಒತ್ತಿದ. "ಬ್ಯಾಡವಾ. ನಿಮ್ಮವ್ವಗ ತವರುಮನಿ ಅಂತ ಇರೋದು ಅದೊಂದ."

ಹಿಂದಿನ ಬೆಂಚಿನಿಂದ ಸೈದಾನಬಿ ಎದ್ದು ಮುಂದೆ ಬಂದಳು.

"ನನ್ನ ತಮ್ಮ ಇದ್ದನ್ರಿ. ನಾ ಎತ್ತಿ ಆಡಿಸಿದಾಂವ. ವಾಹೀದ ಅಂತ ಬರಕೋರ್ರಿ."

ಗುಮಾಸ್ತ ಬರೆದುಕೊಂಡು, ತಲೆ ಎತ್ತದೆ ಕೇಳಿದ: "ತಂದಿ ಹೆಸರು?"

ಸೈದಾನಬಿ ಮೇಜಿನ ಅಂಚು ಹಿಡಿದುಕೊಂಡಳು. ತೀರಿಹೋದ ತನ್ನ ಅಪ್ಪನ ಹೆಸರನ್ನು ನಿಧಾನಕ್ಕೆ ಹೇಳಿದಳು.

"ಬಡೇಸಾಬ."