ಚಂದ್ರಮೋಹನನ ಕೈಯಲ್ಲಿ ನಿಂತ ವಾಚು

ಅಂಡರ್ ಸೆಕ್ರೆಟರಿಯಾಗಿ ಬಡ್ತಿ ಸಿಕ್ಕ ತಿಂಗಳಲ್ಲೇ ಚಂದ್ರಮೋಹನ ಒಂದು ಒಳ್ಳೆಯ ವಾಚು ಕೊಳ್ಳಬೇಕೆಂದು ಮನಸ್ಸು ಮಾಡಿದ. ಐವತ್ನಾಲ್ಕು ವರ್ಷದಲ್ಲಿ ತನಗಾಗಿ ಅಂತ ಅವನು ಆಸೆಪಟ್ಟ ದುಬಾರಿ ವಸ್ತು ಅದೊಂದೇ. ಸೆಲ್ ಹಾಕುವ ವಾಚಲ್ಲ, ಸ್ವಿಟ್ಜರ್ಲೆಂಡಿನ ಆಟೊಮ್ಯಾಟಿಕ್. ಕಟ್ಟಿಕೊಂಡವರ ಕೈ ಆಡಿದಂತೆಲ್ಲ ಒಳಗಿನ ಚಕ್ರ ತಿರುಗಿ ತಾನೇ ಕೀ ಕೊಟ್ಟುಕೊಳ್ಳುವಂಥದ್ದು. ಬೆಲೆ ಲಕ್ಷದ ಹತ್ತಿರ. "ಆ ದರ್ಜೆಯ ವಾಚುಗಳಲ್ಲಿ ಇದೇ ಅಗ್ಗದ್ದು" ಎಂದು ಹೆಂಡತಿ ಸರಳಾಗೆ ಹೇಳಿದ. "ಅಗ್ಗ ಅನ್ನೋ ಮಾತಿಗೆ ದಿಲ್ಲಿಯಲ್ಲಿ ಅರ್ಥವೇ ಬೇರೆ ಬಿಡಿ" ಎಂದಳು ಅವಳು. ಆದರೆ ಬೇಡ ಅನ್ನಲಿಲ್ಲ.

ಆಮೇಲೆ ಎರಡು ತಿಂಗಳು ಬರೀ ಯೋಚನೆಯಲ್ಲೇ ಹೋಯಿತು. ಕಿದ್ವಾಯಿ ನಗರದ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಕೂತು ಫೋನಿನಲ್ಲಿ ವಾಚಿನ ವಿಡಿಯೊ ನೋಡುವುದು, ಅಂಗಡಿಗೆ ಹೋಗಿ ಕಟ್ಟಿ ನೋಡುವುದು, ಬಿಚ್ಚಿಟ್ಟು ಬರುವುದು. ಇದನ್ನೆಲ್ಲ ಕೇಳಿ ಕೇಳಿ ಗೆಳೆಯ ಮಹಂತೇಶನಿಗೆ ಸಾಕಾಯಿತು. ಮಾನೇಸರ್‌ನ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದ ಅವನ ಹತ್ತಿರ ಅದೇ ವಾಚಿತ್ತು. ಒಂದು ಭಾನುವಾರ ಊಟಕ್ಕೆ ಬಂದವನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಹತ್ತು ದಿನ ಕಟ್ಟಿಕೋ. ಹಿಡಿಸಿದರೆ ತಗೋ. ಇಲ್ಲದಿದ್ದರೆ ಇನ್ನು ಈ ಸುದ್ದಿ ನನ್ನ ಮುಂದೆ ಎತ್ತಬೇಡ."

ಬುಧವಾರ ಆಫೀಸಿನಲ್ಲಿ ವಾಚು ನಿಂತಿತ್ತು. ಹನ್ನೊಂದೂ ಇಪ್ಪತ್ತು ಎಂದು ನಂಬಿ ಕೂತವನಿಗೆ ಹನ್ನೆರಡರ ಮೀಟಿಂಗ್ ಅರ್ಧ ತಪ್ಪಿತು. ಅಲುಗಾಡಿಸಿದ, ನಡೆಯಿತು. ಶನಿವಾರ ಮತ್ತೆ ನಿಂತಿತು.

"ನಿನ್ನ ವಾಚು ಕೆಟ್ಟಿದೆ ಕಣೋ" ಎಂದು ಫೋನ್ ಮಾಡಿದ.

"ನಾಲ್ಕು ವರ್ಷದಲ್ಲಿ ಒಂದು ದಿನ ನಿಂತಿಲ್ಲ ಅದು. ನೀನೇನು ಕೈ ಕಟ್ಟಿಕೊಂಡು ಕೂತಿರ್ತೀಯಾ?"

"ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೀತೀನಪ್ಪಾ!"

ವಾಚು ಮಹಂತೇಶನ ಕೈಗೆ ವಾಪಸು ಹೋಯಿತು. ಅವನ ಕೈಯಲ್ಲಿ ಎರಡು ವಾರ ಒಂದು ಸಲವೂ ನಿಲ್ಲಲಿಲ್ಲ.

ಇದೇನೆಂದು ತಿಳಿದುಕೊಂಡೇ ದುಡ್ಡು ಬಿಚ್ಚುವುದು ಎಂದು ಚಂದ್ರಮೋಹನ ಮಗಳು ಹಂಸಿನಿಯನ್ನು ಕರೆದುಕೊಂಡು ಅಂಗಡಿಗೆ ಹೋದ. ಸೇಲ್ಸ್‌ಮನ್ ರಾಹುಲ್ ವಿಷಯ ಕೇಳಿ, ಒಳಗೆ ರಿಪೇರಿ ಮಾಡುತ್ತಿದ್ದ ಮುದುಕರನ್ನು ಕರೆದ. ಅವರನ್ನು ಎಲ್ಲರೂ ಮಾಸ್ಟರ್‌ಜೀ ಅನ್ನುತ್ತಿದ್ದರು. ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿ ಅವರು ಹಿಂದಿಯಲ್ಲಿ ಕೇಳಿದರು:

"ಯಾವ ಕೈಗೆ ಕಟ್ಟಿದ್ದಿರಿ ಸರ್?"

"ಎಡಗೈಗೆ."

"ಬಾಗಿಲ ತನಕ ಒಂದು ಸಲ ನಡೆದು ಬನ್ನಿ."

ಚಂದ್ರಮೋಹನ ನಗುತ್ತಲೇ ನಡೆದು ಬಂದ. "ಇನ್ನೊಂದು ಸಲ" ಎಂದರು ಮಾಸ್ಟರ್‌ಜೀ. ಅವರು ನಗುತ್ತಿರಲಿಲ್ಲ. ಮೂರನೆಯ ಸಲಕ್ಕೆ ಹಂಸಿನಿಯತ್ತ ತಿರುಗಿ, "ಬೇಟಾ, ಫೋನಿನಲ್ಲಿ ವಿಡಿಯೊ ತೆಗಿ" ಎಂದರು.

ಆ ವಿಡಿಯೊ ಹದಿನಾಲ್ಕು ಸೆಕೆಂಡಿನದು. ಅದರಲ್ಲಿ ಚಂದ್ರಮೋಹನನ ಬಲಗೈ ಹೆಜ್ಜೆಗೆ ಸರಿಯಾಗಿ ಹಿಂದೆ ಮುಂದೆ ಬೀಸುತ್ತಿತ್ತು. ಎಡಗೈ ಮೊಣಕೈಯಲ್ಲಿ ಸ್ವಲ್ಪ ಮಡಚಿ ಪಕ್ಕೆಗೆ ಅಂಟಿಕೊಂಡಿತ್ತು. ಒಂದಿಷ್ಟೂ ಅಲುಗುತ್ತಿರಲಿಲ್ಲ.

"ಅಪ್ಪಾ, ಯೇ ಕ್ಯಾ ಹೈ? ಹಾಥ್ ಹಿಲ್ ಹೀ ನಹೀಂ ರಹಾ. ಕೈ ಯಾಕೆ ಅಲುಗಿಸದೆ ಹಾಗೆ ಇಟ್ಕೊಂಡಿದ್ದೀರಾ?"

"ನಾನು ಇಟ್ಕೊಂಡಿಲ್ಲ" ಎಂದ. ಕೈ ಎತ್ತಿ ನೋಡಿದ, ಎದ್ದಿತು. ಬೆರಳು ಮಡಚಿದ, ಮಡಚಿತು. ನೋವಿಲ್ಲ, ಜೋಮಿಲ್ಲ. ಮತ್ತೆ ವಿಡಿಯೊ ಹಾಕಿದ. ಅವನದೇ ಶರ್ಟು, ಅವನದೇ ಬೊಕ್ಕತಲೆ, ಆದರೆ ಯಾರದೋ ಕೈ.

"ವಾಚಿನಲ್ಲಿ ದೋಷವಿಲ್ಲ ಸರ್" ಎಂದರು ಮಾಸ್ಟರ್‌ಜೀ, ಮೆಲ್ಲಗೆ. "ಇವತ್ತು ಏನೂ ತಗೋಬೇಡಿ. ಮೊದಲು ನರದ ಡಾಕ್ಟರಿಗೆ ತೋರಿಸಿ."

ವ್ಯಾಪಾರ ಕೈತಪ್ಪಿತೆಂದು ರಾಹುಲ್ ಏನೋ ಹೇಳಹೊರಟವನು ವಾಚಿನ ಡಬ್ಬಿ ಮುಚ್ಚಿ ಒಳಗಿಟ್ಟ.

ಮನೆಯಲ್ಲಿ ವಿಡಿಯೊ ನೋಡಿದ ಸರಳಾ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. "ಪ್ರಮೋಷನ್ ಬಂದಮೇಲೆ ನಿಮಗೆ ಜಂಬ ಬಂದಿದೆ, ಅದಕ್ಕೇ ಹೀಗೆ ಬಿಗಿಯಾಗಿ ನಡೀತೀರಿ ಅಂದ್ಕೊಂಡಿದ್ದೆ ರೀ. ನಮ್ಮಕ್ಕನಿಗೂ ಹೇಳಿ ನಕ್ಕಿದ್ದೆ."

ಡಾಕ್ಟರು ಅವನ ಹೆಬ್ಬೆರಳು ತೋರುಬೆರಳು ತಟ್ಟಿಸಿ ನೋಡಿದರು. ಬಲಗೈ ಚಕಚಕ ತಟ್ಟಿತು. ಎಡಗೈ ನಾಲ್ಕು ಸಲ ತಟ್ಟಿ ನಿಧಾನವಾಯಿತು. ಮಣಿಕಟ್ಟು ಹಿಡಿದು ತಿರುಗಿಸಿದರು, ಬಾಗಿಲಿನ ತನಕ ನಡೆಸಿದರು, ಸ್ಕ್ಯಾನ್ ಮಾಡಿಸಿದರು. ಎರಡನೆಯ ಭೇಟಿಯಲ್ಲಿ ಹೆಸರು ಹೇಳಿದರು: ಪಾರ್ಕಿನ್ಸನ್ಸ್. ಇನ್ನೂ ಆರಂಭ.

"ನನಗೆ ನಡುಕವೇ ಇಲ್ಲವಲ್ಲ?" ಎಂದ ಚಂದ್ರಮೋಹನ, ಅವರ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿದೆ ಎಂಬಂತೆ.

"ಎಲ್ಲರಿಗೂ ನಡುಕದಿಂದಲೇ ಶುರುವಾಗೋದಿಲ್ಲ. ಇಷ್ಟು ಬೇಗ ಇದನ್ನ ಯಾರು ಗಮನಿಸಿದರು?"

"ವಾಚ್ ರಿಪೇರಿಯವರು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು.

ಮುಂದಿನ ಹದಿನೈದು ದಿನ ಅವನು ಆಫೀಸಿಗೆ ಹೋದ, ಫೈಲು ನೋಡಿದ, ಹೇಳಿದ ಮಾತ್ರೆ ನುಂಗಿದ. ಅಳಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಕಾಯಿಲೆಗಿಂತ ಅವನನ್ನು ಕೊರೆದದ್ದು ಬೇರೆ: ತನ್ನದೇ ಕೈ ತನಗೆ ಹೇಳದೆ ನಿಂತುಬಿಟ್ಟಿತ್ತು. ಎಷ್ಟು ದಿನದಿಂದ? ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ರಾಹುಲ್‌ನ ಮೆಸೇಜು ಬಂತು. ಆ ವಾಚು ಒಂದೇ ಉಳಿದಿದೆ, ಇಡಲೋ ಮಾರಲೋ?

"ಲೇ ಲೋ ನಾ ಅಪ್ಪಾ, ತಗೊಂಡುಬಿಡಿ" ಎಂದಳು ಹಂಸಿನಿ. "ನಿಮಗೆ ಇಷ್ಟ ಇತ್ತಲ್ಲ."

"ಬೇಡ" ಎಂದಳು ಸರಳಾ. ಮೊದಲ ಸಲ ಬೇಡ ಅಂದದ್ದು. "ದಿನಾ ಬೆಳಿಗ್ಗೆ ಎದ್ದು ಅದು ನಡೀತಿದೆಯಾ ನಿಂತಿದೆಯಾ ಅಂತ ನೋಡೋದಾ? ನನ್ನಿಂದ ಆಗೋದಿಲ್ಲ ರೀ."

"ಬಲಗೈಗೆ ಕಟ್ಟಿಕೋತೀನಿ" ಎಂದು ರೇಗಿದ. ಮೂರು ದಿನ ಹಟ ಹಿಡಿದ. ನಾಲ್ಕನೆಯ ದಿನ ಬೆಳಿಗ್ಗೆ ವಾಕಿಂಗ್ ಹೋದಾಗ ದಾರಿಯುದ್ದಕ್ಕೂ ತಾನು ಎಡಗೈಯನ್ನೇ ನೋಡಿಕೊಂಡು ನಡೆದಿದ್ದೇನೆ, ಎದುರಿಗೆ ಬಂದು ನಮಸ್ಕಾರ ಹೇಳಿದವರು ಯಾರೆಂದೂ ಗೊತ್ತಾಗಿಲ್ಲ ಎಂಬುದು ಅವನ ಅರಿವಿಗೆ ಬಂತು. ಮನೆಗೆ ಬಂದವನೇ ಅಂಗಡಿಗೆ ಫೋನ್ ಮಾಡಿ, ವಾಚು ಬೇಡ ಎಂದ.

ಅವನು ಇಡುವ ಮುಂಚೆ ಆ ಕಡೆ ಫೋನು ಇನ್ನೊಬ್ಬರ ಕೈಗೆ ಹೋಯಿತು.

"ಡಾಕ್ಟರ್ ಏನಂದರು ಸರ್?" ಮಾಸ್ಟರ್‌ಜೀಯ ದನಿ.

ಮಹಂತೇಶನಿಗೂ ಇನ್ನೂ ಹೇಳಿರದ ಕಾಯಿಲೆಯ ಹೆಸರನ್ನು ಚಂದ್ರಮೋಹನ ಆ ಅಪರಿಚಿತರಿಗೆ ಹೇಳಿದ.

"ನನ್ನ ಅಣ್ಣನಿಗೂ ಅದೇ" ಎಂದರು ಅವರು. "ನಮಗೆ ತಿಳಿಯೋ ಹೊತ್ತಿಗೆ ಆರು ವರ್ಷ ಆಗಿಹೋಗಿತ್ತು. ನೀವು ಬೇಗ ಬಂದಿರಿ. ನಡೆಯೋದು ಬಿಡಬೇಡಿ."

"ಅಚ್ಛಾ ಜೀ" ಎಂದು ಫೋನಿಟ್ಟ. "ಯಾರ ಫೋನ್ ರೀ?" ಎನ್ನುತ್ತ ಬಂದ ಸರಳಾ, ಗಂಡ ಬಾಲ್ಕನಿಯ ನೆಲದ ಮೇಲೆ ಕೂತು ಬಿಕ್ಕುತ್ತಿರುವುದನ್ನು ಕಂಡಳು. ಒಗೆದ ಬಟ್ಟೆಯ ಬಕೆಟ್ಟನ್ನು ಅಲ್ಲೇ ಇಟ್ಟು ಅವನ ಪಕ್ಕ ಕೂತಳು.