ತಳದಲ್ಲಿ ಉಳಿಸಿದ ಅನ್ನ

ನಾನು ಒಂದು ತಾಮ್ರದ ಕೊಪ್ಪರಿಗೆ. ಒಂದು ಜೊತೆ ಬೆಳ್ಳಿ ಕಡಗ ಮತ್ತು ಹಾಲು ಕೊಡುವ ಎರಡು ಆಡು ಮಾರಿ ರಾಹೇಲವ್ವನ ಅತ್ತೆ ನನ್ನನ್ನು ಮಾಡಿಸಿದಳು. ಕಂಚುಗಾರನ ಸುತ್ತಿಗೆಯ ಗುರುತು ಇನ್ನೂ ನನ್ನ ಮೈಮೇಲಿದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಅಷ್ಟು ದೊಡ್ಡ ಪಾತ್ರೆ ಬೇರೆ ಇರಲಿಲ್ಲ. ಮದುವೆಯಿರಲಿ, ಚರ್ಚಿನ ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೇಮಭೋಜನವಿರಲಿ, ಅನ್ನ ಬೇಯುತ್ತಿದ್ದುದು ನನ್ನಲ್ಲೇ.

ಅತ್ತೆ ತೀರಿಕೊಂಡ ಮೇಲೆ ರಾಹೇಲವ್ವನ ಪಾಲಿಗೆ ಬಂದೆ. ಗಂಡ ಇಲ್ಲದೆ, ಮಗ್ಗ ನಡೆಸಿ, ಮಗಳು ಪ್ರಿಸ್ಕಿಲ್ಲಳನ್ನು ಬೆಳೆಸಿದ ಗಟ್ಟಿಗಿತ್ತಿ ಅವಳು. ಒಂದು ಭಾನುವಾರ ಚರ್ಚಿನಲ್ಲಿ ಅಯ್ಯನವರು ಯೇಸು ಹೇಳಿದ ಸಾಮ್ಯವೊಂದನ್ನು, ಅರಸನ ಮದುವೆಯೂಟದ ಕತೆಯನ್ನು, ಹೇಳಿದರಂತೆ. ಕರೆದವರು ಬರಲಿಲ್ಲ, ಅರಸ ದಾರಿಯಲ್ಲಿ ಸಿಕ್ಕವರನ್ನು ಕರೆಸಿ ಮನೆ ತುಂಬಿಸಿದ. ಬಿಸಿ ಊಟ ಒಲ್ಲೆ ಅನ್ನುವವರು ಎಲ್ಲಿರುತ್ತಾರೆ ಅಂತ ರಾಹೇಲವ್ವ ನಕ್ಕಿದ್ದೇ ನಕ್ಕಿದ್ದು.

ಆ ವರ್ಷವೇ ಪ್ರಿಸ್ಕಿಲ್ಲಳ ಮದುವೆ. ರಾಹೇಲವ್ವನ ತಮ್ಮ ತಿಮೋತಪ್ಪ ಅವಳನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆಯಲ್ಲಿದ್ದ. ಹುಡುಗಿ ಒಪ್ಪಲಿಲ್ಲ, ತಾಯಿ ಹೊರಗಿನ ವರನಿಗೆ ಕೊಟ್ಟಳು. ಅಕ್ಕನ ಮನೆಯ ಅನ್ನ ಮುಟ್ಟುವುದಿಲ್ಲ ಅಂದ ತಿಮೋತಪ್ಪ. ಬಳಗವೆಲ್ಲ ಅವನ ಕಡೆ ನಿಂತಿತು.

ಮದುವೆಯ ದಿನ ನನ್ನ ತುಂಬ ಅನ್ನ ಅರಳಿ ನಿಂತಿತ್ತು. ಬಳಗಕ್ಕೆಂದು ಹಾಸಿದ ಚಾಪೆಗಳೆಲ್ಲ ಖಾಲಿ. ಅರಸನ ಕತೆ ರಾಹೇಲವ್ವನಿಗೆ ಆಗ ತಿಳಿಯಿತೆಂದು ಕಾಣುತ್ತದೆ. ಬೇಯಿಸಿದವರಿಗೆ ಸಿಟ್ಟಿಗಿಂತ ಮೊದಲು ಬರುವುದು ಅನ್ನದ ಚಿಂತೆ. ಸೆರಗು ಬಿಗಿದು ಹತ್ತಿ ಮಾರುಕಟ್ಟೆಯತ್ತ ನಡೆದಳು. ಬರುವಾಗ ಹಿಂದೆ ಹಮಾಲರು, ಬಳೆ ಮಾರುವವರು, ಟಾಂಗಾದವರು.

"ಯವ್ವಾ, ಮುಯ್ಯಿ ಮಾಡಾಕ ನಮ್ಮ ಕಡೆ ಏನೂ ಇಲ್ಲ," ಅಂದ ಒಬ್ಬ ಹಮಾಲ.

"ಹೊಟ್ಟಿ ತಂದೀಯಲ್ಲ, ಸಾಕು. ಕುಂದ್ರು."

ಚಾಪೆಗಳು ತುಂಬಿದವು. ಕೊನೆಗೆ ನೆರೆಯವಳೊಬ್ಬಳು ನನ್ನ ತಳ ಕೆರೆಯಲು ಬಂದಾಗ ರಾಹೇಲವ್ವ ಅವಳ ಕೈ ಹಿಡಿದಳು. "ಅದು ಇರಲಿ. ತಳ ಹೊತ್ತಿದ ಅನ್ನ ಅಂದ್ರ ತಿಮೋತಿಗೆ ಸಣ್ಣಾಂವ ಇದ್ದಾಗಿಂದ ಜೀವ."

ಅವನು ಬರಲಿಲ್ಲ. ಮರುದಿನ ಅದನ್ನು ಕೋಳಿಗಳು ತಿಂದವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಆಮೇಲೆ ಯಾವ ಊಟ ಬೆಂದರೂ ತಳದ ಅನ್ನವನ್ನು ಬೆಳಗಿನ ತನಕ ಹಾಗೇ ಬಿಡುತ್ತಿದ್ದಳು.

ಮೂರು ವರ್ಷ ಕಳೆಯಿತು. ತಿಮೋತಪ್ಪನ ಮಗನ ಮದುವೆ ಗೊತ್ತಾಯಿತು. ಅನ್ನಕ್ಕೆ ಪಾತ್ರೆ ಬೇಕು. ಓಣಿಯಲ್ಲಿ ಇದ್ದದ್ದು ನಾನೊಂದೇ. ಅವನು ಬಂದ ದಿನ ಸಭೆಯ ಪ್ರೇಮಭೋಜನ ಆಗಷ್ಟೇ ಮುಗಿದಿತ್ತು. ಅಕ್ಕನ ಮುಖ ನೋಡಲಾರದೆ ನನ್ನನ್ನೇ ನೋಡುತ್ತ ನಿಂತ.

"ಅಕ್ಕಾ, ಕೊಪ್ಪರಿಗಿ ಬೇಕಾಗಿತ್ತು."

"ಒಯ್ಯಿ. ಒಳಗ ನಿನ್ನ ಪಾಲು ಐತಿ, ಅದನ್ನ ಖಾಲಿ ಮಾಡಿ ಒಯ್ಯಿ."

ಅವನು ಕುಕ್ಕರಗಾಲಲ್ಲಿ ಕೂತು ನನ್ನೊಳಗೆ ಕೈಹಾಕಿದ. ಒಂದು ತುತ್ತು ಬಾಯಿಗಿಟ್ಟು, "ಮೂರು ವರ್ಷದಿಂದ ಇಟ್ಟೀಯೇನು?" ಅಂದ.

"ಹಳೇದನ್ನ ಕೋಳಿ ತಿಂದಾವ. ಇದು ಇವತ್ತಿಂದು."

ಅವನು ಉಗುರಿನಿಂದ ಕೆರೆದು ಕೆರೆದು ತಿಂದ. ಅಂದು ನನ್ನನ್ನು ತೊಳೆಯುವ ಕೆಲಸವೇ ಉಳಿಯಲಿಲ್ಲ.

ಈಗ ನನ್ನ ತಳ ಸೋರುತ್ತದೆ. ಚರ್ಚಿನ ಅಂಗಳದ ಮೂಲೆಯಲ್ಲಿ ನನಗೆ ಮಣ್ಣು ತುಂಬಿ ದಾಸವಾಳ ನೆಟ್ಟಿದ್ದಾರೆ. ಅಯ್ಯನವರು ಅರಸನ ಊಟದ ಆ ಸಾಮ್ಯ ಹೇಳುವಾಗ ಕಿಟಕಿಯಿಂದ ಕೇಳಿಸುತ್ತದೆ. ಬರದವರ ಪಾಲು ಏನಾಯಿತೆಂದು ಅದರಲ್ಲಿ ಬರುವುದಿಲ್ಲ. ನನಗೆ ಗೊತ್ತು, ನಾನು ಹಿಡಿದುಕೊಂಡಿದ್ದೆ.

ರಾಹೇಲವ್ವನಿಗೆ ತಮ್ಮ ಸಿಕ್ಕ. ಪ್ರಿಸ್ಕಿಲ್ಲಳ ಮದುವೆಯಲ್ಲಿ ಸೋದರಮಾವ ನಿಲ್ಲಬೇಕಿದ್ದ ಜಾಗ ಮಾತ್ರ ಖಾಲಿಯೇ ಉಳಿಯಿತು.